ಫ್ರೀಜರ್ ಬರಿದಾದ ಬೇಸಿಗೆ

ನಮ್ಮ ಮನೆಯ ಫ್ರೀಜರಿನಲ್ಲಿ ಐಸ್‌ಕ್ರೀಮಿಗೆ ಜಾಗ ಸಿಕ್ಕಿದ್ದನ್ನು ನಾನು ಈವರೆಗೆ ಕಂಡಿಲ್ಲ. ಅದು ನಮ್ಮ ಅತ್ತೆಯ ಕಣಜ. ಬಾಗಿಲು ತೆಗೆದರೆ ತೊಳೆದ ಹಾಲಿನ ಕವರುಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು, ಕಲ್ಲಿನ ಹಾಗೆ ಗಟ್ಟಿಯಾಗಿ, ಒಂದರ ಮೇಲೊಂದು ಕೂತಿರುತ್ತವೆ. ಒಳಗೇನಿದೆ ಎಂದು ಒಂದರ ಮೇಲೂ ಬರೆದಿರುವುದಿಲ್ಲ. ಬರೆದು ಅಂಟಿಸೋಣ ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಹೇಳಿ ನೋಡಿದ್ದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮನೆಯವರನ್ನು ಗುರುತು ಹಿಡಿಯಲು ಅವರ ಹಣೆಗೆ ಚೀಟಿ ಅಂಟಿಸುತ್ತೀವಾ ಎಂದು ಕೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ನಾವಿರುವುದು ಸಿಂಗಾಪುರದಲ್ಲಿ, ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ಹೆಬ್ಬಾಳದ ಆಚೆಯದು. ಅತ್ತೆ ಸೊಸೆಯಾಗಿ ಬಂದಾಗ ಇದು ಹಳ್ಳಿ. ಈಗ ಲೇಔಟುಗಳ ನಡುವೆ ಹಳೆಯ ಊರಿನದೊಂದು ಬೀದಿ ಉಳಿದುಕೊಂಡಿದೆ, ಅದರ ಕೊನೆಯ ಮನೆ ನಮ್ಮದು. ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಪಾಲು ಸೈಟುಗಳಾಗಿ ಹೋದದ್ದು ನಾನು ಬರುವುದಕ್ಕೂ ಮೊದಲು. ಹೊಲ ಹೋದರೂ ಹೊಲದ ಕಾಲದ ಅಭ್ಯಾಸ ಅತ್ತೆಯನ್ನು ಬಿಟ್ಟು ಹೋಗಿಲ್ಲ. ಯಾವುದು ಹೇರಳವಾಗಿ ಸಿಗುತ್ತದೋ ಆಗಲೇ ಅದನ್ನು ಎತ್ತಿಡಬೇಕು. ಸಂಕ್ರಾಂತಿಯ ಹೊತ್ತಿಗೆ ಅವರೆಕಾಯಿ ಬಂತೆಂದರೆ ನಮ್ಮ ಮನೆಯಲ್ಲಿ ಬೇರೆ ಕೆಲಸವೆಲ್ಲ ಬಂದ್. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬೇಳೆಯನ್ನು ಹಾರಿಸಬೇಕು. ವಾರಗಟ್ಟಲೆ ನಮ್ಮ ಉಗುರುಗಳು ಕಪ್ಪಾಗಿರುತ್ತವೆ. ಶಾಲೆಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುವಾಗ ಮಕ್ಕಳು ನನ್ನ ಕೈ ನೋಡಿ ಮುಸಿಮುಸಿ ನಗುತ್ತವೆ. ಆ ಹಿತಕಿದ ಬೇಳೆ ಕವರುಗಳಲ್ಲಿ ತುಂಬಿಕೊಂಡು ಫ್ರೀಜರಿಗೆ ಹೋಗುತ್ತದೆ. ಅದರ ಜೊತೆಗೆ ತೊಗರಿಕಾಳು, ಅಲಸಂದೆ, ತುರಿದ ತೆಂಗಿನಕಾಯಿ, ಹಬ್ಬದಲ್ಲಿ ಮಿಕ್ಕ ಒಬ್ಬಟ್ಟಿನ ಹೂರಣ.

ಇಷ್ಟೆಲ್ಲ ಏಕೆ ಎಂದು ನಾನು ಗೊಣಗಿದ್ದುಂಟು. ಬೀದಿ ತುದಿಯಲ್ಲೇ ಅಂಗಡಿ ಇರುವಾಗ, ಫೋನಿನಲ್ಲಿ ಒತ್ತಿದರೆ ತರಕಾರಿ ಬಾಗಿಲಿಗೆ ಬರುವಾಗ, ಯಾವ ಬರಗಾಲಕ್ಕೆ ಈ ಸಿದ್ಧತೆ? ಆ ಬೇಸಿಗೆ ಬರದಿದ್ದರೆ ಇಂದಿಗೂ ಗೊಣಗುತ್ತಲೇ ಇರುತ್ತಿದ್ದೆ.

ನನ್ನ ಗಂಡ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾರೆ, ಸ್ವಂತ ಕಾರು. ಆ ವರ್ಷ ಯುಗಾದಿ ಕಳೆಯುತ್ತಿದ್ದಂತೆ ಎಂಜಿನ್ ಕೈಕೊಟ್ಟು, ಕಾರು ಹೆಬ್ಬಾಳದ ಹತ್ತಿರದ ಗ್ಯಾರೇಜು ಸೇರಿತು. ಇವತ್ತು ನಾಳೆ ಎನ್ನುತ್ತ ಮೆಕ್ಯಾನಿಕ್ ಬಿಡಿಭಾಗಕ್ಕಾಗಿ ಕಾಯಿಸಿದ. ನಾನು ಪಾಠ ಹೇಳುವುದು ಆರ್.ಟಿ. ನಗರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ. ಅಲ್ಲಿ ಬೇಸಿಗೆ ರಜೆಯೆಂದರೆ ಸಂಬಳಕ್ಕೂ ರಜೆ. ಬೇರೆ ವರ್ಷಗಳಲ್ಲಿ ಕಾರು ಓಡುತ್ತಿತ್ತು, ನನ್ನ ರಜೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ವರ್ಷ ಎರಡೂ ಒಟ್ಟಿಗೆ ನಿಂತವು. ಸರಿಯಾಗಿ ಅದೇ ಹೊತ್ತಿಗೆ ನಾದಿನಿಯನ್ನು ಚೊಚ್ಚಲ ಹೆರಿಗೆಗೆಂದು ಮನೆಗೆ ಕರೆದುಕೊಂಡು ಬಂದಾಗಿತ್ತು.

ನಾದಿನಿಯ ಗಂಡನ ಮನೆ ಚಿಕ್ಕಜಾಲದ ಕಡೆ. ಹೆದ್ದಾರಿಗೆ ಸಾಕಷ್ಟು ಭೂಮಿ ಹೋಗಿಯೂ ಇನ್ನಷ್ಟು ಉಳಿದಿರುವ ಜನ, ಗಟ್ಟಿ ಕುಳ. ಒಳ್ಳೆಯವರೇ. ಆದರೆ ದೊಡ್ಡ ಮನೆ, ಮಾತಿಗೆ ಬಾಯಿ ಹೆಚ್ಚು. ಆ ಮನೆಯ ಹಿರಿಸೊಸೆಯ ತವರಿನವರು ಬಾಣಂತನದಲ್ಲಿ ತುಪ್ಪಕ್ಕೆ ಹಿಂದೆಮುಂದೆ ನೋಡಿದರಂತೆ ಎಂಬ ಮಾತು, ಆ ಮಗು ಹೈಸ್ಕೂಲಿಗೆ ಹೋಗುವ ವಯಸ್ಸಿಗೆ ಬಂದರೂ, ಪ್ರತಿ ಹಬ್ಬದಲ್ಲೂ ಎಲೆಯ ಮುಂದೆ ಬಂದು ಕೂರುತ್ತದೆ. ಅದನ್ನು ನಾದಿನಿಯೇ ನಮಗೆ ನಗುತ್ತ ಹೇಳಿದ್ದಳು. ಅತ್ತೆ ನಕ್ಕಿರಲಿಲ್ಲ.

ಕಾರಿನ ಸುದ್ದಿ ತಿಳಿದ ದಿನ ಅವರು ನನ್ನನ್ನು ಹಿತ್ತಿಲಿಗೆ ಕರೆದರು. ನಾದಿನಿ ಒಳಗೆ ಮಲಗಿದ್ದಳು.

"ಚೊಚ್ಚಲ ಎರಿಗೆ ಕಣಮ್ಮ. ತವರಲ್ಲಿ ಉಣ್ಣಕ್ ಇಕ್ದೆ ಇಟ್ಕೊಂಡಿದ್ರು ಅಂತ ಒಂದ್ ಮಾತು ಬರ್ಬಾರ್ದು. ಬಂದ್ರೆ ಅವಳು ಸಾಯೋಗಂಟ ಕೇಳ್ಬೇಕು. ಅವಳ್ಗೂ ಗೊತ್ತಾಗೋದ್ ಬ್ಯಾಡ."

ಗಂಗಾನಗರದಲ್ಲಿರುವ ನನ್ನ ತವರಿಗೆ ಒಂದು ಮಾತು ಹೇಳುತ್ತೇನೆ ಎಂದೆ. ಅತ್ತೆ ಬೇಡವೇ ಬೇಡ ಎಂದರು. ನನಗೆ ಸಿಟ್ಟು ಬಂತು. ಮರ್ಯಾದೆಯನ್ನು ಬೇಯಿಸಿ ಬಡಿಸಲಾಗುತ್ತದೆಯೇ ಎಂದು ಬಾಯಿಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕೊನೆಗೆ ನಾನೇ ಒಂದು ದಾರಿ ಹೇಳಿದೆ. ಹಾಲು, ಸೊಪ್ಪು, ಡಾಕ್ಟರು ಬಸುರಿಗೆ ಹೇಳಿರುವುದು, ಇಷ್ಟು ಬಿಟ್ಟು ಹೊರಗಿನಿಂದ ಏನನ್ನೂ ತರುವುದು ಬೇಡ. ಮನೆಯಲ್ಲಿರುವುದನ್ನು ಮುಗಿಸಿಕೊಂಡು ಹೋಗೋಣ. ಅತ್ತೆ ಫ್ರೀಜರಿನ ಕಡೆ ಒಮ್ಮೆ ನೋಡಿದರು. ಅವರ ಮುಖದಲ್ಲಿ ಎಂಥ ಗೆಲುವು ಎಂದರೆ, ಇಷ್ಟು ವರ್ಷ ಇದೊಂದು ಮಾತನ್ನು ನನ್ನ ಬಾಯಿಂದ ಕೇಳಲೆಂದೇ ಕಾದಿದ್ದರೇನೋ ಅನ್ನಿಸಿತು.

ಅದಾದ ಮೇಲೆ ನಾನು ಕಂಡ ಅಡುಗೆಯನ್ನು ಹೇಗೆ ವರ್ಣಿಸಲಿ. ಬಡತನದ ಅಡುಗೆ ಎಂದು ಅದನ್ನು ಯಾರಾದರೂ ಕರೆದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಅತ್ತೆಯ ಪದ್ಧತಿ ಒಂದೇ. ಇವತ್ತಿನ ಪಾತ್ರೆಯ ತಳದಲ್ಲಿ ನಾಳೆಯ ಅಡುಗೆಯ ಮೊದಲ ಹಿಡಿ ಇರಬೇಕು. ಅಲಸಂದೆಯನ್ನು ಸೊಪ್ಪಿನ ಜೊತೆ ಬೇಯಿಸಿ ಬಸಿದರೆ, ಬಸಿದ ಕಟ್ಟು ಸಾರಾಯಿತು, ಉಳಿದ ಕಾಳುಸೊಪ್ಪು ಪಲ್ಯವಾಯಿತು. ಬಸ್ಸಾರು ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಅದೇನು ದೊಡ್ಡದಲ್ಲ. ದೊಡ್ಡದು ಅದರ ಮುಂದಿನದು. ಮಿಕ್ಕ ಸಾರನ್ನು ಸಣ್ಣ ಉರಿಯಲ್ಲಿಟ್ಟು ಸುಂಡಿಸಿ, ಗೊಜ್ಜಿನಷ್ಟು ಗಟ್ಟಿಯಾದ ಮೇಲೆ ಮಾರನೆಯ ಬೆಳಗ್ಗೆ ರೊಟ್ಟಿಗೆ ಕೊಡುತ್ತಿದ್ದರು. ಪಲ್ಯ ಮಿಕ್ಕಿದ್ದರೆ ಅದೇ ರೊಟ್ಟಿಯ ಹಿಟ್ಟಿಗೆ ಸೇರಿರುತ್ತಿತ್ತು. ರಾತ್ರಿಯ ಮುದ್ದೆ ಉಳಿದರೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹಾಕಿ, ಬೆಳಗಿನ ಬಿಸಿಲು ಏರುವ ಹೊತ್ತಿಗೆ ತಂಪಾದ ಅಂಬಲಿ. ರೇಷನ್ ಅಕ್ಕಿಗೆ ಡಬ್ಬದ ತಳದ ಅವಲಕ್ಕಿ, ಒಂದು ಹಿಡಿ ಮೆಂತ್ಯ ಸೇರಿಸಿ ರುಬ್ಬಿದ ದೋಸೆ, ಅದಕ್ಕೆ ಹುಚ್ಚೆಳ್ಳಿನ ಚಟ್ನಿಪುಡಿ. ಹುರುಳಿಕಾಳು ಒಂದು ದಿನ ಕಟ್ಟಿನ ಸಾರಾದರೆ, ಇನ್ನೊಂದು ದಿನ ಮೊಳಕೆ ಒಡೆದು ಬರುತ್ತಿತ್ತು.

ಊಟಕ್ಕೆ ಕೂತಾಗ ನಾದಿನಿಗೆ ಅದು ನಿನ್ನೆಯದರ ಮುಂದುವರಿಕೆ ಎಂದು ತಿಳಿಯುವುದು ಹೋಗಲಿ, ಕೆಲವು ಸಲ ಜೊತೆಯಲ್ಲಿ ಒಲೆಯ ಮುಂದೆ ನಿಂತಿದ್ದ ನನಗೇ ತಿಳಿಯುತ್ತಿರಲಿಲ್ಲ. ಒಗ್ಗರಣೆ ಬೇರೆ, ಬಡಿಸುವ ಬಟ್ಟಲು ಬೇರೆ. ಬಟ್ಟಲು ಬದಲಾಯಿಸುವುದು ಅತ್ತೆಗೆ ಬಹಳ ಮುಖ್ಯ. ತೆಂಗಿನ ತುರಿಯನ್ನು ಮಾತ್ರ ಮಗಳ ಬಟ್ಟಲಿಗಷ್ಟೇ ಮೇಲಿಂದ ಉದುರಿಸುತ್ತಿದ್ದರು, ಉಳಿದ ನಮಗೆ ಒಗ್ಗರಣೆಯ ವಾಸನೆಯೇ ಸಾಕು. ಗ್ಯಾರೇಜಿನಿಂದ ಸೋತ ಮುಖ ಹಾಕಿಕೊಂಡು ಬರುತ್ತಿದ್ದ ನನ್ನ ಗಂಡ, ಆ ಬೇಸಿಗೆಯಲ್ಲಿ ತಿಂದಷ್ಟು ರುಚಿಯಾಗಿ ಎಂದೂ ತಿಂದಿಲ್ಲ ಎಂದು ಈಗಲೂ ಹೇಳುತ್ತಾರೆ. ನಾನು ಒಪ್ಪುತ್ತೇನೆ. ನನಗೆ ಅತ್ತೆಯ ಮೇಲೆ ಗೌರವ ಮೊದಲೂ ಇತ್ತು, ಆದರೆ ಅಲ್ಲಿಯವರೆಗೆ ಅದು ಸೊಸೆ ಇಟ್ಟುಕೊಳ್ಳಲೇಬೇಕಾದ ಗೌರವವಾಗಿತ್ತು.

ಫ್ರೀಜರಿನ ಮೇಲಿನ ಮೂಲೆಯ ಮೂರು ಕವರುಗಳನ್ನು ಮಾತ್ರ ಅತ್ತೆ ಮುಟ್ಟುತ್ತಿರಲಿಲ್ಲ. ಬೀಗರು ಯಾವ ದಿನವಾದರೂ ಸೊಸೆಯನ್ನು ನೋಡಲು ಬರಬಹುದು, ಅದಕ್ಕೆ ಇರಲಿ ಎಂದು. ಒಂದರಲ್ಲಿ ಕೊನೆಯ ಹಿತಕಿದ ಬೇಳೆ, ಒಂದರಲ್ಲಿ ಯುಗಾದಿಯ ಹೂರಣ. ಮೂರನೆಯದರಲ್ಲಿ ಏನಿದೆ ಎಂಬುದನ್ನು ನಾನೇ ಪತ್ತೆ ಹಚ್ಚಿದೆ, ಹಚ್ಚಬಾರದ ರೀತಿಯಲ್ಲಿ. ಒಂದು ಬೆಳಗ್ಗೆ ಹಾಲು ತಡವಾಯಿತು. ನಾದಿನಿಗೆ ಎದ್ದ ಕೂಡಲೇ ಹಾಲು ಬೇಕು. ಫ್ರೀಜರಿನಲ್ಲಿ ಹಾಲಿನ ಕವರು, ಅದರಲ್ಲಿ ಹಾಲಿನಂಥದ್ದೇ ಬಿಳಿ ಪದಾರ್ಥ. ಕರಗಿಸಿ ಒಲೆಗಿಟ್ಟೆ. ಉಕ್ಕಲಿಲ್ಲ, ಬದಲಿಗೆ ನೋಡನೋಡುತ್ತಿದ್ದಂತೆ ಮುದ್ದೆಮುದ್ದೆಯಾಗಿ ಗಟ್ಟಿಯಾಯಿತು. ಒಡೆದ ಹಾಲೆಂದು ಸಿಂಕಿಗೆ ಸುರಿಯಲು ಪಾತ್ರೆ ಬಗ್ಗಿಸಿದ್ದೆ, ಹಿಂದಿನಿಂದ ಅತ್ತೆ ನನ್ನ ಮೊಣಕೈ ಹಿಡಿದರು. ಅದು ಗಿಣ್ಣದ ಹಾಲು. ಬೀದಿಯಲ್ಲಿ ಇನ್ನೂ ಹಸು ಕಟ್ಟಿರುವ ಒಂದೇ ಮನೆಯವರು ಅದು ಕರು ಹಾಕಿದಾಗ ಕೊಟ್ಟದ್ದು. ಬೀಗರಿಗೆ ಗಿಣ್ಣು ಮಾಡಿ ಇಡಬೇಕೆಂದು ಅತ್ತೆ ಜೋಪಾನ ಮಾಡಿದ್ದರು.

ಅವರು ಬೈದಿದ್ದರೆ ನಾನೂ ಚೀಟಿ ಅಂಟಿಸುವ ಹಳೆಯ ಮಾತೆತ್ತಿ ನಾಲ್ಕು ಮಾತು ಆಡುತ್ತಿದ್ದೆ. ಬೈಯಲಿಲ್ಲ. ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು, ಬೆಲ್ಲ ಕುಟ್ಟಿ ಹಾಕಿ, ಏಲಕ್ಕಿ ಜಜ್ಜಿ, ಬಟ್ಟಲಿಗೆ ಬಡಿಸಿ ಮಗಳ ಮುಂದಿಟ್ಟರು. ನಿನಗೆ ಅಂತಲೇ ನಿನ್ನ ಅತ್ತಿಗೆ ಬೆಳಗ್ಗೆ ಎದ್ದು ಮಾಡಿದ್ದಾಳೆ ಎಂದೂ ಸೇರಿಸಿದರು. ನಾದಿನಿ ಎರಡು ಬಟ್ಟಲು ತಿಂದಳು. ನನಗೆ ಅಲ್ಲೇ ಅಳು ಬಂತು, ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತುಬಿಟ್ಟೆ.

ಹೀಗೆ ಡಬ್ಬಗಳ ತಳ ಕಾಣತೊಡಗಿದ ಹೊತ್ತಿಗೆ ಬೀಗಿತ್ತಿಯ ಫೋನು ಬಂತು. ಭಾನುವಾರ ಗಂಡಹೆಂಡತಿ ಇಬ್ಬರೂ ಬಂದು ಸೊಸೆಯನ್ನು ನೋಡಿಕೊಂಡು ಹೋಗುತ್ತೇವೆ ಎಂದರು. ನಮ್ಮವರಲ್ಲಿ ಬೀಗರು ಭಾನುವಾರ ಬಂದರೆಂದರೆ ಬಾಡೂಟವಾಗಲೇಬೇಕು. ಕೋಳಿಯಾದರೂ ಬೇಡವೇ? ಅದಕ್ಕೆಲ್ಲಿ ಹೋಗುವುದು? ಅತ್ತೆ ಒಂದು ಕ್ಷಣವೂ ತಡವರಿಸದೆ, ಭಾನುವಾರ ನಮ್ಮ ಕಡೆಯದೊಂದು ಮದುವೆ ಇದೆ, ಶನಿವಾರವೇ ಬಂದುಬಿಡಿ ಎಂದರು. ಫೋನಿಟ್ಟು ನನ್ನ ಕಡೆ ತಿರುಗಿದರು. ಶನಿವಾರ ಬೀಗರ ಮನೆಯಲ್ಲೂ ಬಾಡು ಮುಟ್ಟುವುದಿಲ್ಲ, ನಮ್ಮಲ್ಲೂ ಇಲ್ಲ. ಯಾವ ಮದುವೆಯಮ್ಮ ಎಂದು ಒಳಗಿನಿಂದ ನಾದಿನಿ ಕೂಗಿದ್ದಕ್ಕೆ, ನಿನಗೆ ಗೊತ್ತಿಲ್ಲದ ಮದುವೆ ಎಂದು ಅತ್ತೆ ಉತ್ತರ ಕೊಟ್ಟರು. ಆ ಬುದ್ಧಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಶನಿವಾರ ಬೆಳಗ್ಗೆ ಮೂಲೆಯ ಎರಡು ಕವರುಗಳೂ ಹೊರಗೆ ಬಂದವು. ಮೇ ತಿಂಗಳ ಧಗೆಯಲ್ಲಿ ಹಿತಕಿದ ಬೇಳೆ ಸಾರಿನ ಸೊಗಡು ಬೀದಿಯ ತುದಿಯವರೆಗೆ ಹೋಗಿರಬೇಕು. ಪಕ್ಕದ ಮನೆಯ ಮಾವಿನ ಕೊಂಬೆ ನಮ್ಮ ಕಾಂಪೌಂಡಿನೊಳಗೆ ಚಾಚಿದೆ, ಅದರ ಕಾಯಿಯಲ್ಲಿ ಚಿತ್ರಾನ್ನ. ಹೋದ ಬೇಸಿಗೆಯ ಸಂಡಿಗೆಯ ಮುರುಕು, ಡಬ್ಬದ ತಳದ ಬಾಳಕದ ಮೆಣಸಿನಕಾಯಿ. ಹೂರಣ ಸ್ವಲ್ಪವೇ ಇತ್ತು. ಬೀಗರಿಗೆ, ಬೀಗಿತ್ತಿಗೆ, ನಾದಿನಿಗೆ, ನನ್ನ ಗಂಡನಿಗೆ ತಲಾ ಒಂದರಂತೆ ಒಬ್ಬಟ್ಟಾಯಿತು. ಬೀಗರಿಗೆಂದು ಮೇಲೊಂದು, ಅದೂ ಅಂಗೈಯಗಲದ್ದು.

ಬಂದರು. ಬೀಗಿತ್ತಿ ಒಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ರವೆ ಉಂಡೆ ತಂದು ಸೊಸೆಯ ಮಡಿಲಿಗಿಟ್ಟರು. ನೋಡಲು ಗಟ್ಟಿಮುಟ್ಟಾದ ಹೆಂಗಸು, ಕಣ್ಣು ಮನೆಯೆಲ್ಲ ಓಡಾಡುತ್ತದೆ. ಆ ಕಣ್ಣು ಅಡುಗೆಮನೆಯ ಕಡೆ ಹೊರಳಿದಾಗಲೆಲ್ಲ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಎಲೆ ಹಾಕಿದೆವು. ಈ ಕಾಲದಲ್ಲಿ ಹಿತಕವರೆಯೇ ಎಂದು ಬೀಗರು ಕಣ್ಣರಳಿಸಿ ಮುದ್ದೆ ಮುರಿದರು, ಮತ್ತೆ ಹಾಕಿಸಿಕೊಂಡರು. ಅವರ ಎಲೆಯ ಒಬ್ಬಟ್ಟು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮಾಯವಾಯಿತು. ಮೇಲಿನದನ್ನೂ ಬಡಿಸಿದೆ, ಅದೂ ಹೋಯಿತು. ಅಷ್ಟರಲ್ಲಿ ಬೀಗಿತ್ತಿಯ ಎಲೆಯೂ ಖಾಲಿಯಾಗಿತ್ತು. ನಾನು ಬರಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಇನ್ನೊಂದು ಹಾಕಿಸಿಕೊಳ್ಳಿ ಎಂದು ಅತ್ತೆ ಉಪಚಾರ ಹೇಳಲೇಬೇಕು, ಹೇಳದಿದ್ದರೆ ತಪ್ಪಾಗುತ್ತದೆ. ಹೇಳಿದರು. ಅವರ ದನಿ ಒಂಚೂರೂ ಅಲುಗಲಿಲ್ಲ. ಬೀಗಿತ್ತಿ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಸಾಕು, ನನಗೆ ಸಿಹಿ ಅಷ್ಟು ಸೇರುವುದಿಲ್ಲ ಎಂದರು. ನಾನು ತಟ್ಟೆ ಕೆಳಗಿಟ್ಟೆ.

ಗಂಡಾಂತರ ಕಳೆಯಿತು ಎಂದುಕೊಂಡರೆ ಹೊರಡುವಾಗ ಇನ್ನೊಂದು ಕಾದಿತ್ತು. ಡಬ್ಬಿ. ಬೇರೆ ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಆದರೆ ಬೀಗರ ಮನೆಯ ಅಷ್ಟು ದೊಡ್ಡ ಡಬ್ಬಿಯ ತಳದಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದರೆ, ಅದನ್ನು ಆ ಮನೆಯಲ್ಲಿ ಎಲ್ಲರ ಮುಂದೆ ತೆರೆದರೆ, ನಾವು ಬೇಸಿಗೆಯೆಲ್ಲ ಮುಚ್ಚಿಟ್ಟದ್ದು ಒಂದೇ ಏಟಿಗೆ ಬಯಲಾಗುತ್ತಿತ್ತು. ರವೆ ಉಂಡೆಗಳನ್ನು ನಾನು ತಟ್ಟೆಗೆ ಸುರಿದೆ, ನಂತರ ಡಬ್ಬಿ ಹಿಡಿದು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಕಪಾಟಿನಲ್ಲಿ ಖಾಲಿ ಡಬ್ಬಗಳು. ಫ್ರೀಜರಿನಲ್ಲಿ ಬರಿಯ ಮಂಜು.

ಅತ್ತೆ ಸ್ಟೂಲು ಎಳೆದು ಹತ್ತಿ, ಅಟ್ಟದ ಮೂಲೆಯಿಂದ ಒಂದು ಮಣ್ಣಿನ ಮಡಕೆ ಇಳಿಸಿದರು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಬೂದಿ. ಬೂದಿಯೊಳಗೆ ಅವರೆಯ ಬೀಜ. ಹೊಲ ಹೋದ ಮೇಲೂ ಆ ಹೊಲದ ಅವರೆಯನ್ನು ಅತ್ತೆ ಬಿಟ್ಟುಕೊಟ್ಟಿರಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಪ್ರತಿ ಮಳೆಗಾಲ ನಾಲ್ಕು ಸಾಲು ಹಾಕಿ, ಬಂದದ್ದರಲ್ಲಿ ಬೀಜಕ್ಕೆಂದು ಎತ್ತಿಡುತ್ತಿದ್ದರು. ಹಿಂದಿನ ವರ್ಷ ಆ ಸೈಟಿನಲ್ಲೂ ಬಿಲ್ಡಿಂಗ್ ಎದ್ದಿತ್ತು. ಅಷ್ಟೂ ಬೀಜವನ್ನು ಅವರು ಡಬ್ಬಿಗೆ ಸುರಿದರು. ಅದು ಬೇಡ ಅತ್ತೆ ಎಂದೆ. ನನ್ನ ಮಾತು ಕಿವಿಗೆ ಬೀಳದವರಂತೆ ಮುಚ್ಚಳ ಒತ್ತಿ, ಹೊರಗೆ ಹೋಗಿ ಡಬ್ಬಿಯನ್ನು ಬೀಗಿತ್ತಿಯ ಕೈಗೆ ಕೊಟ್ಟರು.

"ನಮ್ಮೊಲದ ಅವರೆ. ಒಳ್ಳೆ ಸೊಗಡು. ನಿಮ್ಗಿನ್ನೂ ಜಾಗ ಐತಲ್ಲ, ಆಕ್ಕೊಳಿ."

ಬೀಗಿತ್ತಿ ಮುಚ್ಚಳ ತೆಗೆದರು. ಎರಡು ಕಾಳು ಎತ್ತಿ ಹೆಬ್ಬೆರಳಲ್ಲಿ ಬೂದಿ ಒರೆಸಿ ನೋಡಿದರು. ಮತ್ತೆ ಮುಚ್ಚಿ, ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಡದೆ ತಮ್ಮ ಮಡಿಲಲ್ಲೇ ಇಟ್ಟುಕೊಂಡು ಕೂತರು. ಅವರು ಹೋದ ಮೇಲೆ ಅತ್ತೆಯೂ ನಾನೂ ಸಾರಿನ ಪಾತ್ರೆಯ ತಳಕ್ಕೆ ಮುದ್ದೆ ಒರೆಸಿಕೊಂಡು ತಿಂದೆವು. ಖಾಲಿ ಮಡಕೆಯ ಬೂದಿಯನ್ನು ಅತ್ತೆ ಕರಿಬೇವಿನ ಬುಡಕ್ಕೆ ಸುರಿದು ಬಂದರು.

ಜೂನ್ ಬಂತು. ಕಾರು ಓಡತೊಡಗಿತು, ಶಾಲೆ ತೆರೆಯಿತು, ನಾದಿನಿಗೆ ಹೆಣ್ಣುಮಗುವಾಯಿತು. ಬಾಣಂತನಕ್ಕೆ ತುಪ್ಪ ಕಡಿಮೆಯಾಗಲಿಲ್ಲ. ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಕಳಿಸಿಕೊಟ್ಟೆವು. ಆ ಮನೆಯಿಂದ ನಮ್ಮ ಬಗ್ಗೆ ಒಂದು ಮಾತೂ ಬರಲಿಲ್ಲ. ಬರುತ್ತದೇನೋ ಎಂದು ನಾನು ಕಾಯುತ್ತಿದ್ದೆ, ಅತ್ತೆಯೂ ಕಾಯುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಒಂದು ದಿನ ಬೀಗಿತ್ತಿ ಒಬ್ಬರೇ ಬಂದಿಳಿದರು. ಜೊತೆಗೊಂದು ಮೂಟೆ ಅವರೆಕಾಯಿ. ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಸೊಗಡು ನಡುಮನೆಯನ್ನೆಲ್ಲ ತುಂಬಿತು. ಅತ್ತೆ ಒಂದು ಕಾಯಿಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಹಾಗೇ ಕೂತರು. ಆಮೇಲೆ ಮೂವರೂ ಸುತ್ತ ಕೂತು ಸುಲಿಯತೊಡಗಿದೆವು. ಮೊಮ್ಮಗಳ ಮಾತಾಯಿತು, ಮಳೆಯ ಮಾತಾಯಿತು. ಬಿತ್ತನೆಗೆ ನಿಮ್ಮ ಪಾಲನ್ನೂ ಬೂದಿ ಹಾಕಿ ತೆಗೆದಿಡುತ್ತೇನೆ ಎಂದರು ಬೀಗಿತ್ತಿ. ಕೈಯ ಕಾಯಿಯಿಂದ ಕಣ್ಣೆತ್ತದೆ ಮತ್ತೆ ಮಾತಾಡಿದರು.

"ಶನಿವಾರ ಬನ್ನಿ ಅಂದಾಗ್ಲೇ ಏನೋ ಐತೆ ಅನ್ಕಂಡೆ ಅಕ್ಕ. ಡಬ್ಬಿ ತೆಗ್ದಾಗ ಗೊತ್ತಾಯ್ತು. ಮನೇಲಿ ಬ್ಯಾರೆ ಏನಾರ ಇದ್ರೆ ಬಿತ್ತನೆ ಕಾಳ್ನ ಯಾರೂ ಕೊಡಕಿಲ್ಲ. ನಮ್ಮನೇಲಿ ಯಾರ್ಗೂ ಏಳಿಲ್ಲ, ನಮ್ಮೆಜಮಾನ್ರಿಗೂ ಏಳಿಲ್ಲ."

ನನ್ನ ಕೈ ನಿಂತಿತು. ಅತ್ತೆಯ ಕೈ ನಿಲ್ಲಲಿಲ್ಲ. ಕಾಯಿಯ ನಾರು ಎಳೆದು, ಕಾಳು ಬುಟ್ಟಿಗೆ ಹಾಕಿ, ಸಿಪ್ಪೆ ಪಕ್ಕಕ್ಕಿಟ್ಟರು.

"ಒಬ್ಬಟ್ಟು ಚೆನ್ನಾಗಿತ್ತಾ?" ಎಂದು ಕೇಳಿದರು.

"ಇನ್ನೊಂದು ತಿನ್ಬೇಕು ಅನ್ನಿಸ್ತು," ಎಂದರು ಬೀಗಿತ್ತಿ. "ಕೇಳ್ಲಿಲ್ಲ."

ಅತ್ತೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, ಹೂರಣಕ್ಕೆ ಬೇಳೆ ಬೇಯಕ್ಕಿಡು ಕಣಮ್ಮ, ಜಾಸ್ತಿನೇ ಇಡು ಎಂದು ನನಗೆ ಹೇಳಿದರು. ನಾನು ದೊಡ್ಡ ಪಾತ್ರೆ ತೆಗೆದೆ.